ಟ್ಯೂಬ್‌ಲೆಸ್ ಕಾಂಬೊ ಕಿಟ್: ಮೊಳೆಗೆ ಸೈ, ಸ್ಲೋ ಲೀಕ್‌ಗೆ ಅರ್ಧಂಬರ್ಧ

ಆನ್‌ಲೈನ್‌ನಲ್ಲಿ ಸಿಗುವ, ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಕಾಂಬೊ ಬ್ಯಾಗುಗಳ ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಗಾಳಿ ತುಂಬುವ 12 ವೋಲ್ಟ್ ಇನ್‌ಫ್ಲೇಟರ್, ತೂತು ಉಜ್ಜುವ ರೀಮರ್, ಪಟ್ಟಿ ತೂರಿಸುವ ಸೂಜಿ, ಬತ್ತಿಯಂಥ ನಾಲ್ಕೈದು ರಬ್ಬರ್ ಪಟ್ಟಿ, ಅಂಟಿನ ಟ್ಯೂಬ್, ಗಾಳಿ ಹಾಕುವ ವಾಲ್ವಿನೊಳಗಿನ ಪಿನ್ ಬಿಚ್ಚುವ ಪುಟ್ಟ ಟೂಲ್. ಕೆಲವದರಲ್ಲಿ ತೂತು ಮುಚ್ಚಲು ಟೈರಿನೊಳಗೆ ಬಿಡುವ ಸೀಲಂಟ್ ಬಾಟಲಿಯೂ ಇರುತ್ತದೆ. ರಸ್ತೆಯಲ್ಲಿ ಮೊಳೆ ಹೊಕ್ಕಿತೆಂದರೆ ಈ ಬ್ಯಾಗು ಕೈ ಬಿಡುವುದಿಲ್ಲ. ಆದರೆ ಪ್ರತಿ ಸೋಮವಾರ ಗಾಳಿ ಹಾಕಿಸಿ ಶನಿವಾರಕ್ಕೆ ಮತ್ತೆ ಇಳಿದಿರುವ ಆ ಒಂದು ಟೈರಿಗೆ, ಅಂದರೆ ನಿಧಾನವಾಗಿ ಸೋರುವ ಸ್ಲೋ ಲೀಕ್‌ಗೆ? ಅಲ್ಲಿ ದೊಡ್ಡ ಕೆಲಸ ಮುಚ್ಚುವುದಲ್ಲ, ಹುಡುಕುವುದು. ಹುಡುಕುವುದಕ್ಕೆ ಬೇಕಾದ ಸಾಮಾನು ಅಡುಗೆಮನೆಯಲ್ಲಿದೆ, ಬ್ಯಾಗಿನಲ್ಲಿಲ್ಲ.

ಮೊದಲು ಇನ್‌ಫ್ಲೇಟರ್. ಪಂಪ್ ಓಡುತ್ತಿರುವಾಗ ಕಾಣುವ ಅಂಕಿ ನಂಬಬೇಡಿ, ನಿಲ್ಲಿಸಿದ ಮೇಲೆ ಕಾಣುವುದೇ ನಿಜ. ಬಂಕಿನ ಗೇಜಿಗೂ ಇದಕ್ಕೂ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸ ಬಂದರೂ ತೊಂದರೆಯಿಲ್ಲ, ಪ್ರತಿಸಲ ಒಂದೇ ಗೇಜ್ ಬಳಸಿದರೆ ಸಾಕು. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ನಾಲ್ಕೂ ಚಕ್ರ ನೋಡಿ ಬರೆದಿಡಿ. ನಾಲ್ಕೂ ಒಟ್ಟಿಗೆ ಇಳಿದಿದ್ದರೆ ಅದು ಚಳಿಯ ಕೆಲಸ: ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಒಂದು ಪಿಎಸ್‌ಐ ಇಳಿಯುತ್ತದೆ. ರಬ್ಬರಿನ ಮೂಲಕ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿ ಹೋಗುವುದೂ ಸಹಜ. ಒಂದೇ ಚಕ್ರ ವಾರಕ್ಕೆ ಮೂರು ಇಳಿಸಿದರೆ ಲೀಕ್ ಇದೆ ಅಂತ ಲೆಕ್ಕ. ನೈಟ್ರೋಜನ್ ತುಂಬಿಸಿದರೆ ಅದು ನಿಲ್ಲುವುದಿಲ್ಲ, ತೂತಿಗೆ ಯಾವ ಅನಿಲವಾದರೂ ಒಂದೇ. ಗಾಳಿ ಕಡಿಮೆಯಾದರೆ ಎಚ್ಚರಿಸುವ ಟಿಪಿಎಂಎಸ್ ದೀಪ ಕಾಯುತ್ತಾ ಕೂರುವುದೂ ಬೇಡ, ಅನೇಕ ಗಾಡಿಗಳಲ್ಲಿ ಕಾಲು ಭಾಗ ಗಾಳಿ ಹೋದ ಮೇಲೇ ಅದು ಹೊತ್ತಿಕೊಳ್ಳುವುದು.

ಇನ್ನು ಬ್ಯಾಗಿನಲ್ಲಿಲ್ಲದ ಆ ಸಾಮಾನು. ಅರ್ಧ ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಸ್ಪ್ರೇ ಬಾಟಲಿ. ಕುಲುಕಿ ನೊರೆ ಎಬ್ಬಿಸಬೇಡಿ, ನೊರೆಯಲ್ಲಿ ನೊರೆ ಕಾಣುವುದಿಲ್ಲ. ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್ ಮೇಲೆ ಬರೆದಿರುವ ಗರಿಷ್ಠ ಮಿತಿಯೊಳಗೆ, ಮಾಮೂಲಿಗಿಂತ ನಾಲ್ಕೈದು ಪಿಎಸ್‌ಐ ಹೆಚ್ಚು ತುಂಬಿ, ಆಮೇಲೆ ಸಿಂಪಡಿಸಿ. ಸ್ಲೋ ಲೀಕ್ ಬುಸ್ಸೆಂದು ಗುಳ್ಳೆ ಊದುವುದಿಲ್ಲ. ಐದು ನಿಮಿಷ ಬಿಟ್ಟು ನೋಡಿದರೆ ಕಡಲೆಕಾಳಿನಷ್ಟು ಬಿಳಿ ನೊರೆ ಒಂದೇ ಕಡೆ ಗಟ್ಟಿಯಾಗಿ ಕೂತಿರುತ್ತದೆ, ಒರೆಸಿದರೆ ಮತ್ತೆ ಅಲ್ಲೇ ಏಳುತ್ತದೆ. ನೆಲಕ್ಕೆ ತಾಗಿದ ಭಾಗ ಕಾಣುವುದಿಲ್ಲವಲ್ಲ, ಗಾಡಿಯನ್ನು ಅರ್ಧ ಸುತ್ತು ಉರುಳಿಸಿ ಮತ್ತೊಮ್ಮೆ ನೋಡಿ. ಒಳಬದಿ ನೋಡಲು ಚಕ್ರ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯಷ್ಟು ಖಚಿತವಾದದ್ದು ಬೇರೆ ಯಾವುದೂ ಇಲ್ಲ.

ಶುರು ಮಾಡಬೇಕಾದದ್ದು ವಾಲ್ವಿನಿಂದ. ಹಳೇ ಪಂಕ್ಚರ್ ಅಂಗಡಿಯವರು ವಾಲ್ವ್ ಬಾಯಿಗೆ ಎಂಜಲು ಹಚ್ಚಿ ನೋಡುತ್ತಿದ್ದದ್ದು ಸುಮ್ಮನೆ ಅಲ್ಲ. ಕ್ಯಾಪ್ ತೆಗೆದು ಒಂದು ಹನಿ ಸೋಪಿನ ನೀರು ಬಿಡಿ. ಹನಿ ಉಬ್ಬಿದರೆ ಪಿನ್ ಸಡಿಲ ಅಥವಾ ಅದರ ಸೀಲ್ ಹೋಗಿದೆ. ಕಿಟ್‌ನಲ್ಲಿ ಎಲ್ಲಕ್ಕಿಂತ ಅಗ್ಗದ ಆ ಪುಟ್ಟ ಟೂಲ್ ಇಲ್ಲಿ ಇಡೀ ಬ್ಯಾಗಿನ ಮರ್ಯಾದೆ ಉಳಿಸುತ್ತದೆ. ಮೆಲ್ಲಗೆ ಬಿಗಿ ಮಾಡಿ ನೋಡಿ, ಬೆರಳ ಬಲ ಸಾಕು, ಜಾಸ್ತಿ ತಿರುವಿದರೆ ಸೀಲ್ ನಜ್ಜಾಗುತ್ತದೆ. ನಿಲ್ಲದಿದ್ದರೆ ಪಿನ್ ಬದಲಾಯಿಸಿ. ಬಿಚ್ಚುವಾಗ ಗಾಳಿಯ ರಭಸಕ್ಕೆ ಪಿನ್ ಹಾರುತ್ತದೆ, ಮುಖ ಪಕ್ಕಕ್ಕಿಟ್ಟುಕೊಳ್ಳಿ. ಟಿಪಿಎಂಎಸ್ ಸೆನ್ಸರ್ ಇರುವ ಅಲ್ಯೂಮಿನಿಯಂ ವಾಲ್ವಿಗೆ ನಿಕ್ಕಲ್ ಲೇಪದ ಪಿನ್ನೇ ಬೇಕು, ಬರೀ ಹಿತ್ತಾಳೆಯದು ಹಾಕಿದರೆ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ರಬ್ಬರ್ ವಾಲ್ವ್ ಆದರೆ ಬುಡಕ್ಕೆ ಸಿಂಪಡಿಸಿ ಸ್ವಲ್ಪ ಬಾಗಿಸಿ. ನೆಟ್ಟಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಆಗ ಬಾಯಿ ಬಿಡುತ್ತದೆ. ಅದನ್ನು ಬದಲಾಯಿಸಲು ಅಂಗಡಿಗೇ ಹೋಗಬೇಕು.

ಟೈರಿನಲ್ಲಿ ಸ್ಕ್ರೂ ಕಂಡ ತಕ್ಷಣ ಕೀಳಬೇಡಿ. ಅದರ ಮೇಲೇ ಸಿಂಪಡಿಸಿ ನೋಡಿ. ನೊರೆ ಬರದಿದ್ದರೆ ಅದು ಒಳಗೆ ತಲುಪಿರಲಿಕ್ಕಿಲ್ಲ, ನಿಜವಾದ ಲೀಕ್ ಬೇರೆ ಕಡೆ ಇರಬಹುದು. ತಲುಪಿದ್ದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೀಳಿ. ಮೊಳೆ ಹೋದ ಕೋನದಲ್ಲೇ ರೀಮರ್ ಆಡಿಸಿ, ನಡುಮಧ್ಯಕ್ಕೆ ಸೂಜಿಗೆ ಪೋಣಿಸಿದ ಪಟ್ಟಿಗೆ ಅಂಟು ಹಚ್ಚಿ ತಳ್ಳಿ. ಹೊರಗೆ ಎರಡು ಸೆಂಟಿಮೀಟರ್ ಉಳಿದಾಗ ಸೂಜಿಯನ್ನು ಒಂದೇ ಏಟಿಗೆ ಎಳೆಯಿರಿ, ತುದಿ ಕತ್ತರಿಸಿ. ರೀಮರ್ ಅತಿಯಾಗಿ ಆಡಿಸಿದರೆ ಒಳಗಿನ ಸ್ಟೀಲ್ ಎಳೆಗಳು ತುಂಡಾಗುತ್ತವೆ. ಪ್ಲಾಸ್ಟಿಕ್ ಹಿಡಿಯ ಸೂಜಿ ರೇಡಿಯಲ್ ಟೈರಿನ ಮುಂದೆ ಸೋಲುತ್ತದೆ, ಲೋಹದ ಹಿಡಿ ಇರುವ ಕಿಟ್ಟನ್ನೇ ಆರಿಸಿ. 6 ಮಿ.ಮೀ. ಮೀರಿದ ತೂತು, ಭುಜ (ಸೈಡ್‌ವಾಲ್ ಕಡೆಗೆ ತಿರುಗುವ ಅಂಚು), ಸೈಡ್‌ವಾಲ್ ಇವಕ್ಕೆ ಪಟ್ಟಿ ಹಾಕಲೇಬೇಡಿ. ಪಟ್ಟಿ ಸದ್ಯದ ಉಪಾಯ. ಸರಿಯಾದ ರಿಪೇರಿ ಎಂದರೆ ಟೈರ್ ಬಿಚ್ಚಿ ಒಳಗಿನಿಂದ ಹಾಕುವ, ಅಣಬೆಯಾಕಾರದ ಮಶ್ರೂಮ್ ಪ್ಯಾಚ್.

ನೊರೆ ರಿಮ್ಮಿನ ಅಂಚಿನುದ್ದಕ್ಕೂ ಕಂಡರೆ ಕಿಟ್ ಮುಚ್ಚಿಡಿ. ಸ್ಟೀಲ್ ರಿಮ್ಮಾದರೆ ತುಕ್ಕು, ಅಲಾಯ್ ಆದರೆ ಬಿಳಿ ಪುಡಿ, ಎರಡೂ ಟೈರನ್ನು ರಿಮ್ಮಿಗೆ ಅಂಟಿ ಕೂರಲು ಬಿಡುವುದಿಲ್ಲ. ಅಂಗಡಿಯಲ್ಲಿ ಟೈರ್ ಬಿಚ್ಚಿಸಿ, ವೈರ್ ಬ್ರಷ್‌ನಲ್ಲಿ ಉಜ್ಜಿಸಿ, ರಿಮ್ಮಿಗೆ ಕೂರುವ ಟೈರಿನ ಅಂಚಿಗೆ ಬೀಡ್ ಸೀಲರ್ ಹಚ್ಚಿಸಿ. ಲೋಹದ ಮೇಲೇ ನೊರೆ ಎದ್ದರೆ ಗುಂಡಿಗೆ ಬಿದ್ದು ರಿಮ್ ಬಿರುಕು ಬಿಟ್ಟಿರಬಹುದು, ಆ ಚಕ್ರ ಓಡಿಸುವುದು ಬೇಡ.

ಸೀಲಂಟ್ ಬಾಟಲಿಗೆ ನಮ್ಮ ಅಂಕ ಸೊನ್ನೆ. ವಾಲ್ವ್ ಕಟ್ಟಿಕೊಳ್ಳಬಹುದು, ಚಕ್ರದ ಬ್ಯಾಲೆನ್ಸ್ ಕೆಡಬಹುದು, ಸೆನ್ಸರ್‌ಗೆ ಮೆತ್ತಿಕೊಳ್ಳಬಹುದು, ಮುಂದೆ ಪ್ಯಾಚ್ ಹಾಕುವವನು ಮೊದಲು ಆ ಗೊಜ್ಜು ತೊಳೆಯಬೇಕು. ಬಾಟಲಿ ಇಲ್ಲದ, ಲೋಹದ ಹಿಡಿಯ ಕಿಟ್ ಸಿಕ್ಕರೆ ಕೊಳ್ಳಿ, ಜೊತೆಗೆ ನಾಲ್ಕು ವಾಲ್ವ್ ಪಿನ್ ಬೇರೆ ತಂದಿಡಿ. ಅಂಟಿನ ಟ್ಯೂಬಿನ ಬಾಯಿ ಒಮ್ಮೆ ಒಡೆದರೆ ಮುಚ್ಚಿಟ್ಟರೂ ಕೆಲವು ತಿಂಗಳಲ್ಲಿ ಒಣಗುತ್ತದೆ, ದೂರದ ಪ್ರಯಾಣಕ್ಕೆ ಮುಂಚೆ ಒಂದು ಸಲ ಹಿಸುಕಿ ನೋಡಿ.