ಪಾಲಿಫಿನಾಲ್‌ಗೆ ಕಾಫಿಯೋ, ಚಹಾವೋ?

ಪೋಲೆಂಡ್, ಜಪಾನ್‌ಗಳಲ್ಲಿ ವಯಸ್ಕರ ಆಹಾರವನ್ನು ಲೆಕ್ಕ ಹಾಕಿದಾಗ ಪಾಲಿಫಿನಾಲ್‌ನ (ಸಸ್ಯಗಳಲ್ಲಿರುವ ಒಂದು ಬಗೆಯ ಆ್ಯಂಟಿಆಕ್ಸಿಡೆಂಟ್ ಸಂಯುಕ್ತ) ದೊಡ್ಡ ಪಾಲು ಬಂದದ್ದು ಕಾಫಿ, ಚಹಾಗಳಿಂದ. ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು?

ಕಾಫಿಯ ಬಲ ಕ್ಲೋರೋಜೆನಿಕ್ ಆಮ್ಲ ಎಂಬ ಪಾಲಿಫಿನಾಲ್. ಬೀಜವನ್ನು ಹೆಚ್ಚು ಹುರಿದಷ್ಟೂ ಅದು ಕಡಿಮೆಯಾಗುತ್ತದೆ. ಕಪ್ಪಗೆ ಹುರಿದ ಪುಡಿ ಎಷ್ಟೇ ಘಮಘಮಿಸಿದರೂ ಈ ಲೆಕ್ಕದಲ್ಲಿ ಹಿಂದೆ. ಚಿಕೋರಿ ಬೆರೆತರೆ ಕಾಫಿಯ ಪಾಲೇ ಇಳಿಯುತ್ತದೆ. ಫಿಲ್ಟರ್ ಕಾಫಿಯ ಅಭಿಮಾನಿಗಳು ಸಿಟ್ಟಾಗಬಾರದು: ನಡುಹದವಾಗಿ ಹುರಿದ, ಚಿಕೋರಿ ಇಲ್ಲದ ಪುಡಿ ಕೇಳಿ ಪಡೆಯಿರಿ.

ಚಹಾದಲ್ಲಿರುವುದು ಕ್ಯಾಟೆಚಿನ್ ಎಂಬ ಪಾಲಿಫಿನಾಲ್. ಹಸಿರು ಚಹಾದಲ್ಲಿ ಅದು ಬಹುಪಾಲು ಹಾಗೆಯೇ ಉಳಿಯುತ್ತದೆ. ಕಪ್ಪು ಚಹಾದಲ್ಲಿ ಎಲೆ ಗಾಳಿಯ ಆಮ್ಲಜನಕದಿಂದ ಆಕ್ಸಿಡೀಕರಣಗೊಂಡಾಗ ಬಹುಪಾಲು ಕ್ಯಾಟೆಚಿನ್‌ಗಳು ಥಿಯಾಫ್ಲೇವಿನ್, ಥಿಯಾರುಬಿಜಿನ್‌ಗಳಾಗುತ್ತವೆ. ಅವೂ ಪಾಲಿಫಿನಾಲ್‌ಗಳೇ, ಆದ್ದರಿಂದ ಕಪ್ಪು ಚಹಾವನ್ನು ಕೀಳಾಗಿ ಕಾಣುವುದು ಅನ್ಯಾಯ.

ರಕ್ತಹೀನತೆ ಇರುವವರು ಒಂದು ವಿಷಯ ಗಮನಿಸಬೇಕು. ಸೊಪ್ಪು, ಬೇಳೆ, ರಾಗಿಯ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ಎರಡೂ ತಡೆಯುತ್ತವೆ, ಚಹಾ ಹೆಚ್ಚು. ಊಟದ ಜೊತೆಗೆ ಕುಡಿಯದೆ ಒಂದು ಗಂಟೆ ಬಿಡುವುದು ಒಳ್ಳೆಯದು.

ನಿದ್ರೆಯ ತೊಂದರೆ ಇದ್ದರೆ ಸಾಮಾನ್ಯವಾಗಿ ಕೆಫೀನ್ ಕಡಿಮೆಯಿರುವ ಚಹಾ ನನ್ನ ಆಯ್ಕೆ, ಇಲ್ಲದಿದ್ದರೆ ಕಾಫಿ. ಸಕ್ಕರೆ ಮಾತ್ರ ಎರಡರಲ್ಲೂ ಕಡಿಮೆಯಿರಲಿ.