ತೆಳು ಫೋನು, ದಪ್ಪ ಫೋನು: ಪೆರ್ಲ–ವಿಟ್ಲ ಬಸ್ಸಿನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನಗೆ ದಪ್ಪ ಫೋನೇ ಇಷ್ಟ. ಎರಡು ವರ್ಷ ತೆಳು ಫೋನ್ ಇಟ್ಟುಕೊಂಡಿದ್ದೆ. ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ಅದನ್ನು ಬಿಟ್ಟು ದಪ್ಪದ್ದು ತಗೊಂಡೆ. ನಡುವೆ ಅಕ್ಕನ ಮಗನ ಹೊಸ ಫೋನನ್ನೂ ಮೂರು ದಿನ ಬಳಸಿ ನೋಡಿದೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ರ‍್ಯಾಮ್ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅದೆಲ್ಲ ಡಬ್ಬದ ಮೇಲೆಯೇ ಇರುತ್ತದೆ.

ತೆಳು ಫೋನು ಏಳು ಮಿಲಿಮೀಟರಿಗಿಂತ ಕಡಿಮೆ ದಪ್ಪ, ತೂಕ 160 ಗ್ರಾಂ ಆಸುಪಾಸು, ಬ್ಯಾಟರಿ 4,300 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದರ ಅಳತೆ). ಕೊಟ್ಟ ದುಡ್ಡು 27 ಸಾವಿರ. ಈಗಿನ ದಪ್ಪ ಫೋನು ಒಂಬತ್ತು ಮಿಲಿಮೀಟರ್ ದಾಟುತ್ತದೆ, 215 ಗ್ರಾಂ ತೂಗುತ್ತದೆ, ಬ್ಯಾಟರಿ 6,000. ಕೊಟ್ಟದ್ದು 14,500. ಎರಡನ್ನೂ ಅಕ್ಕಪಕ್ಕ ಇಟ್ಟರೆ ತೆಳುವಿನದ್ದೇ ಚಂದ. ಅದರಲ್ಲಿ ಎರಡು ಮಾತಿಲ್ಲ.

ನನ್ನ ದಿನ ಹೇಗೆ ಅಂತ ಹೇಳದಿದ್ದರೆ ಮುಂದಿನದ್ದು ಅರ್ಥ ಆಗಲಿಕ್ಕಿಲ್ಲ. ಮನೆ ಕಾಸರಗೋಡು ಜಿಲ್ಲೆಯಲ್ಲಿ, ಪೆರ್ಲ ಪೇಟೆಯಿಂದ ಒಳಗೆ, ಗುಡ್ಡದ ಬುಡದ ತೋಟದಲ್ಲಿ. ಕೆಲಸ ವಿಟ್ಲದ ಒಂದು ಅಡಿಕೆ ಅಂಗಡಿಯಲ್ಲಿ, ಲೆಕ್ಕ ಬರೆಯುವುದು. ದಿನಾ ಬೆಳಗ್ಗೆ ಅಡ್ಕಸ್ಥಳ, ಸಾರಡ್ಕ, ಅಡ್ಯನಡ್ಕ ದಾಟಿ ಬಸ್ಸಿನಲ್ಲಿ ಹೋಗುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸ್. ಸಾರಡ್ಕದಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಶುರು. ಅಂಗಡಿಯಲ್ಲಿ ಕೂತರೆ ಫೋನಿಗೆ ಬಿಡುವಿಲ್ಲ. "ಇವತ್ತು ಚೋಲಿಗೆ ಎಷ್ಟುಂಟು, ಪಟೋರಕ್ಕೆ ಎಷ್ಟುಂಟು" ಅಂತ ಅಡಿಕೆಯ ಬೇರೆ ಬೇರೆ ದರ್ಜೆಯ ರೇಟು ಕೇಳುವವರು, ಅಂಗಳದಲ್ಲಿ ಹರಡಿದ ಅಡಿಕೆಯ ಫೋಟೋ ಕಳಿಸುವವರು, ಹಣ ಬಂತಾ ಅಂತ ವಿಚಾರಿಸುವವರು. ಪಾವತಿಯೆಲ್ಲ ಈಗ ಯುಪಿಐಯಲ್ಲಿ. ನಾನು ಫೋನಿನಲ್ಲಿ ಆಟ ಆಡುವವನಲ್ಲ, ಸಿನಿಮಾ ನೋಡುವವನೂ ಅಲ್ಲ. ಆದರೂ ಬ್ಯಾಟರಿ ಸಾಲುತ್ತಿರಲಿಲ್ಲ.

ಇದಕ್ಕೆ ಕಾರಣ ರೇಂಜು. ನಮ್ಮ ಕಡೆ ಸಿಗ್ನಲ್‌ಗೆ ರೇಂಜ್ ಅಂತಲೇ ಹೇಳುವುದು. ಫೋನ್ ಕಂಪನಿಗಳಿಗೆ ಕೇರಳ ಒಂದು ಸರ್ಕಲ್, ಅಂದರೆ ಒಂದು ಸೇವಾ ವಲಯ, ಕರ್ನಾಟಕ ಇನ್ನೊಂದು. ರೋಮಿಂಗಿಗೆ ಈಗ ಬೇರೆ ದುಡ್ಡಿಲ್ಲ, ಹಾಗಾಗಿ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಆದರೆ ಫೋನು ಯೋಚಿಸುತ್ತದೆ. ಅಡ್ಕಸ್ಥಳ ದಾಟುವಾಗ ಒಂದು ಟವರ್ ಬಿಟ್ಟುಹೋಗುತ್ತದೆ, ಇನ್ನೊಂದು ಸರಿಯಾಗಿ ಸಿಕ್ಕಿರುವುದಿಲ್ಲ. ಆಗ ಅದು ಹುಡುಕಲು ಶುರು ಮಾಡುತ್ತದೆ. ಆಚೆ ಸರ್ಕಲ್ಲಿನ ಟವರ್ ಸಿಕ್ಕಿದ ಮೇಲೂ, ತನ್ನ ಸ್ವಂತ ಸರ್ಕಲ್ ಎಲ್ಲಾದರೂ ಸಿಗುತ್ತದಾ ಅಂತ ಆಗಾಗ ಹುಡುಕುತ್ತಲೇ ಇರುತ್ತದೆ. ಟವರ್ ದೂರ ಇದ್ದಷ್ಟೂ ಫೋನು ಜೋರಾಗಿ ಕೂಗಬೇಕು. 4ಜಿ ಫೋನು ಹೆಚ್ಚೆಂದರೆ 0.2 ವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸಬಲ್ಲದು. ಟವರಿನ ಹತ್ತಿರ ಅದರ ಸಣ್ಣ ಅಂಶ ಸಾಕು. ಗುಡ್ಡದ ಬುಡದಲ್ಲಿ ಅದು ಮಿತಿಯವರೆಗೂ ಏರುತ್ತದೆ. ಪೇಟೆಯಲ್ಲಿ ಕೂತು ಬ್ಯಾಟರಿ ಪರೀಕ್ಷೆ ಮಾಡಿದವರ ವೀಡಿಯೋ ನೋಡಿ ಫೋನ್ ತಗೊಂಡರೆ ಇದು ಗೊತ್ತಾಗುವುದಿಲ್ಲ. ನಾನು ಹಾಗೆಯೇ ತಗೊಂಡದ್ದು.

ಇಷ್ಟು ಸಾಲದು ಅಂತ ನನಗೆ ಸಿಮ್ ಎರಡು. ಗಡಿಯಲ್ಲಿ ಕೆಲಸ ಮಾಡುವ ಹೆಚ್ಚಿನವರ ಕತೆಯೂ ಇದೇ. ಮನೆಯವರಿಗೆ, ಪಂಚಾಯತಿಗೆ, ರೇಷನ್ ಕಾರ್ಡಿಗೆ ಕೇರಳದ ನಂಬರು. ಬ್ಯಾಂಕಿಗೆ, ಅಂಗಡಿಗೆ, ಅಡಿಕೆಯವರಿಗೆ ಕರ್ನಾಟಕದ್ದು. ಬೆಳಗ್ಗೆ ಒಂದು ಸಿಮ್ ಟವರ್ ಹುಡುಕಿದರೆ ಸಂಜೆ ಇನ್ನೊಂದು. ಸಾರಡ್ಕದ ಆಸುಪಾಸಿನಲ್ಲಂತೂ ಎರಡೂ ಒಟ್ಟಿಗೆ.

ಉಪಾಯ ಮಾಡಿ ನೋಡಲಿಲ್ಲ ಅಂತಲ್ಲ. ಮನೆಗೆ ಬಂದ ಮೇಲೆ ಕರ್ನಾಟಕದ ಸಿಮ್ ಆಫ್ ಮಾಡಿ ಇಡುತ್ತಿದ್ದೆ. ಚಾರ್ಜ್ ಉಳಿಯಿತು ನಿಜ. ಆದರೆ ರಾತ್ರಿ ಯಾರಿಗಾದರೂ ದುಡ್ಡು ಕಳಿಸಲು ಹೋದರೆ ಒಟಿಪಿ ಬರುವುದು ಆ ನಂಬರಿಗೇ. ಮತ್ತೆ ಸಿಮ್ ಆನ್ ಮಾಡಿ, ಅಂಗಳಕ್ಕೆ ಬಂದು, ರೇಂಜ್ ಹಿಡಿಯುವವರೆಗೆ ಕಾಯಬೇಕು. ಅಷ್ಟರಲ್ಲಿ ಒಟಿಪಿಯ ಸಮಯ ಮುಗಿದಿರುತ್ತದೆ. ಆಮೇಲೆ ಸೆಟ್ಟಿಂಗಿಗೆ ಹೋಗಿ ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ಮ್ಯಾನುವಲ್‌ಗೆ ಬದಲಿಸಿದೆ. ಬೆಳಗ್ಗೆ ಕರ್ನಾಟಕ, ಸಂಜೆ ಕೇರಳ, ನಾನೇ ಕೈಯಾರೆ ಬದಲಿಸುವುದು. ಹುಡುಕಾಟ ನಿಂತಿತು. ಒಂದು ಸಂಜೆ ಬಸ್ಸಿನಲ್ಲಿ ಕಣ್ಣು ಹತ್ತಿತು, ಬದಲಿಸುವುದು ಮರೆತುಹೋಯಿತು. ಮನೆಯಲ್ಲಿ ರಾತ್ರಿಯಿಡೀ ಫೋನು ಸತ್ತ ಹಾಗೆ ಬಿದ್ದಿತ್ತು. ಅಕ್ಕ ಆ ರಾತ್ರಿ ಏಳು ಸಲ ಫೋನ್ ಮಾಡಿದ್ದಳು, ಭಾವನನ್ನು ಆಸ್ಪತ್ರೆಗೆ ಸೇರಿಸಿದ್ದರು. ನನಗೆ ಗೊತ್ತಾದದ್ದು ಬೆಳಗ್ಗೆ. ಅಂದೇ ಆ ಉಪಾಯ ಬಿಟ್ಟೆ.

ಈಗ ಲೆಕ್ಕ ಹೇಳುತ್ತೇನೆ. ತೆಳು ಫೋನು ಹೊಸತಿರುವಾಗ ಬೆಳಗ್ಗೆ ನೂರು ತುಂಬಿಸಿ ಹೊರಟರೆ ಮನೆ ಸೇರುವಾಗ ಶೇಕಡಾ 18 ಇರುತ್ತಿತ್ತು. ತೊಂದರೆ ಇಲ್ಲ ಅಂದುಕೊಂಡಿದ್ದೆ. ಒಂದೂವರೆ ವರ್ಷ ಆಗುವಾಗ ಅಡ್ಯನಡ್ಕದಲ್ಲೇ ಕೆಂಪು ಗೆರೆ ಬರುತ್ತಿತ್ತು, ಪೆರ್ಲಕ್ಕೆ ಇಳಿಯುವಾಗ ನಾಲ್ಕೋ ಐದೋ. ದಪ್ಪ ಫೋನು ಅದೇ ಬಸ್ಸಿನಲ್ಲಿ, ಅದೇ ಎರಡು ಸಿಮ್ಮಿನಲ್ಲಿ, ಅದೇ ಕೆಲಸ ಮಾಡಿ ಮನೆಗೆ ಬರುವಾಗ 40ರ ಮೇಲೆ ಇರುತ್ತದೆ. ಇದೂ ಟವರ್ ಹುಡುಕುತ್ತದೆ, ಇದೂ ಅಷ್ಟೇ ಸುಡುತ್ತದೆ. ಆದರೆ ಸುಟ್ಟ ಮೇಲೂ ಉಳಿಯುವಷ್ಟು ಇದರ ಹೊಟ್ಟೆಯಲ್ಲಿದೆ.

ಇದರಲ್ಲಿ ಇನ್ನೊಂದು ವಿಷಯ ಉಂಟು, ನನಗೆ ತಡವಾಗಿ ಹೊಳೆದದ್ದು. ಲಿಥಿಯಂ ಬ್ಯಾಟರಿಯ ಆಯಸ್ಸನ್ನು ಎಣಿಸುವುದು ಚಾರ್ಜಿನ ಸುತ್ತುಗಳಲ್ಲಿ. ಒಟ್ಟು ಶೇಕಡಾ ನೂರರಷ್ಟು ಚಾರ್ಜ್ ಬಳಸಿದರೆ ಒಂದು ಸುತ್ತು. ಯುರೋಪಿನಲ್ಲಿ 2025ರ ಜೂನಿನಿಂದ ನಿಯಮವೇ ಬಂದಿದೆ: ಅಲ್ಲಿ ಮಾರುವ ಫೋನಿನ ಬ್ಯಾಟರಿ 800 ಸುತ್ತು ಕಳೆದ ಮೇಲೂ ಶೇಕಡಾ 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು. ಆ 800ನ್ನೇ ಹಿಡಿಯೋಣ. ತೆಳು ಫೋನಿನಲ್ಲಿ ನನಗೆ ದಿನಕ್ಕೊಂದು ಸುತ್ತು ಆಗುತ್ತಿತ್ತು, ಅಂದರೆ ಎರಡು ವರ್ಷ ಚಿಲ್ಲರೆಗೆ 800 ಮುಗಿಯಿತು. ದಪ್ಪದ್ದರಲ್ಲಿ ಅದೇ ಕೆಲಸಕ್ಕೆ ಮುಕ್ಕಾಲು ಸುತ್ತೂ ಆಗುವುದಿಲ್ಲ. ಮೂರು ವರ್ಷ ದಾಟಬಹುದು. ಸಣ್ಣ ಬ್ಯಾಟರಿ ದಿನಕ್ಕೆ ಸಾಲುವುದಿಲ್ಲ ಅನ್ನುವುದು ಒಂದು, ಬೇಗ ಮುದಿಯಾಗುತ್ತದೆ ಅನ್ನುವುದು ಇನ್ನೊಂದು. 27 ಸಾವಿರ ಕೊಡುವಾಗ ಯಾರೂ ನನಗೆ ಎರಡನೆಯದ್ದು ಹೇಳಲಿಲ್ಲ.

ಬ್ಯಾಟರಿ ಬದಲಿಸಬಹುದಿತ್ತಲ್ಲ ಅಂತ ಕೇಳಬಹುದು. ರಿಪೇರಿಯವರಲ್ಲಿ ವಿಚಾರಿಸಿದೆ. ಹಿಂದಿನ ಗಾಜನ್ನು ಅಂಟಿನಿಂದ ಕೂರಿಸಿದ್ದಾರೆ, ತೆಗೆಯುವಾಗ ಒಡೆದರೆ ಜವಾಬ್ದಾರಿ ನಮ್ಮದಲ್ಲ ಅಂದರು. ಬದಲಿಸಿದರೂ ಬರುವುದು ಅದೇ 4,300.

ಪವರ್ ಬ್ಯಾಂಕಿನ ದಾರಿಯನ್ನೂ ಆರು ತಿಂಗಳು ಹಿಡಿದೆ. 10,000 ಎಂಎಎಚ್ ಅಂತ ಬರೆದಿರುವುದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. 5 ವೋಲ್ಟಿಗೆ ಏರಿಸಿ ಹೊರಗೆ ಕೊಡುವಾಗ ಕೈಗೆ ಸಿಗುವುದು 6,000ದ ಆಸುಪಾಸು. ಅದನ್ನೂ ಸಣ್ಣ ಅಕ್ಷರದಲ್ಲಿ ಹಿಂದೆ ಬರೆದಿರುತ್ತಾರೆ, ಓದಿ ನೋಡಿ. ನನ್ನದರ ತೂಕ 220 ಗ್ರಾಂ. 160ಕ್ಕೆ ಅದನ್ನು ಸೇರಿಸಿದರೆ 380, ಜೊತೆಗೊಂದು ವಯರು. ನಿಂತುಕೊಂಡು ಹೋಗುವ ಬಸ್ಸಿನಲ್ಲಿ ಒಂದು ಕೈ ಕಂಬಿಯಲ್ಲಿ, ಇನ್ನೊಂದು ಕೈಯಲ್ಲಿ ವಯರು ನೇತಾಡುವ ಫೋನು. ಹಾಗಾದರೆ ತೆಳು ಫೋನ್ ತಗೊಂಡದ್ದು ಯಾಕೆ, ಅಲ್ವಾ? 2025ರಲ್ಲಿ 5.6 ಮಿಲಿಮೀಟರಿನ ಐಫೋನ್ ಏರ್ ಬಂದಾಗ ಅದರ ಬೆನ್ನಿಗೆ ಅಂಟಿಸುವ ಬ್ಯಾಟರಿಯನ್ನೂ ಆ ಕಂಪನಿ ಜೊತೆಯಲ್ಲೇ ತಂದಿತು. ಅದೇ ವರ್ಷದ ಗ್ಯಾಲಕ್ಸಿ ಎಸ್25 ಎಡ್ಜ್ 5.8 ಮಿಲಿಮೀಟರ್, ಬ್ಯಾಟರಿ 3,900. ಅಷ್ಟು ದುಬಾರಿ ಫೋನಿನಲ್ಲೂ ತೆಳು ಬೇಕಾದರೆ ಬ್ಯಾಟರಿ ಬಿಡಬೇಕಾಯಿತು.

ನಾನು ತೀರ್ಮಾನ ಮಾಡಿದ್ದು ಒಂದು ರಾತ್ರಿ. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸುವ ಪತ್ತನಾಜೆಗೆ ಮೊದಲು, ಕೊನೆಕೊನೆಯ ಆಟಗಳು ನಡೆಯುತ್ತಿದ್ದ ದಿನಗಳು. ಹತ್ತಿರದಲ್ಲೇ ಬಯಲಾಟ ಇತ್ತು. ಅಮ್ಮನಿಗೆ ಮಂಡಿನೋವು, ಬರಲಾಗುವುದಿಲ್ಲ. ಅವರಿಗೆ ತೋರಿಸಲಿಕ್ಕೆ ಅಂತ ಭಾಗವತರು ಹಾಡಿದ ಎರಡು ಪದ ರೆಕಾರ್ಡ್ ಮಾಡಿಕೊಂಡೆ. ಆಟ ಮುಗಿಯುವಾಗ ಒಂದು ಗಂಟೆ, ಫೋನಿನಲ್ಲಿ ಶೇಕಡಾ 9. ರಸ್ತೆಯವರೆಗೆ ಗೆಳೆಯನ ಬೈಕಿನಲ್ಲಿ ಬಂದೆ. ಅಲ್ಲಿಂದ ಕೆಳಗೆ ತೋಟಕ್ಕೆ ಇಳಿಯುವ ದಾರಿಯಲ್ಲಿ ಫೋನಿನ ಟಾರ್ಚ್ ಹಾಕಿದೆ. ತೋಡಿನ ಸಂಕದ ಹತ್ತಿರ ಬರುವಾಗ ಅದು ಆಫ್ ಆಯಿತು.

ಮೂರು ಅಡಿಕೆ ಮರ ಅಡ್ಡ ಹಾಕಿದ ಸಂಕ, ಒಂದು ಬದಿಗೆ ಮಾತ್ರ ಹಿಡಿಯಲು ಸಲಕೆ. ಸಂಜೆ ಮಳೆ ಬಂದು ಮರ ಜಾರುತ್ತಿತ್ತು. ತೋಡಿನಲ್ಲಿ ನೀರಿನ ಸದ್ದು ಕೇಳುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಬೆರಳಿನಿಂದ ಮರ ತಡವಿ ತಡವಿ, ಒಂದೊಂದೇ ಹೆಜ್ಜೆ ಇಟ್ಟೆ. ಆಚೆ ಬದಿಯ ಕೆಸರು ಕಾಲಿಗೆ ತಾಗಿದಾಗ ಜೀವ ಬಂತು. ಮನೆಯ ಅಂಗಳದಲ್ಲಿ ಹೆಂಡತಿ ಬ್ಯಾಟರಿ ಲೈಟ್ ಹಿಡಿದು ನಿಂತಿದ್ದಳು. "ಎಷ್ಟು ಸಲ ಫೋನ್ ಮಾಡಿದೆ, ಸ್ವಿಚ್ ಆಫ್ ಬರ್ತಾ ಇತ್ತು" ಅಂದಳು. ಸಿಟ್ಟಿಗಿಂತ ಹೆದರಿಕೆಯೇ ಇತ್ತು ಅವಳ ಸ್ವರದಲ್ಲಿ. ನನ್ನ ಅಪ್ಪ ಇದೇ ಸಂಕದಲ್ಲಿ ವರ್ಷಗಟ್ಟಲೆ ನೋಕಿಯಾ 1100 ಹಿಡಿದು ದಾಟಿದವರು. 2003ರ ಫೋನು ಅದು, 850 ಎಂಎಎಚ್ ಬ್ಯಾಟರಿ, ತಲೆಯಲ್ಲೊಂದು ಟಾರ್ಚು. ಅವರಿಗೆ ಒಂದು ದಿನವೂ ಕತ್ತಲಾಗಲಿಲ್ಲ. ಮರುವಾರ ದಪ್ಪ ಫೋನ್ ತಂದೆ.

ದಪ್ಪದ್ದರಲ್ಲಿ ಕೊರತೆ ಇಲ್ಲವೆಂದಲ್ಲ. ತುಂಬಲು ಎರಡು ಗಂಟೆಗಿಂತ ಜಾಸ್ತಿ ಬೇಕು. ಮಳೆಗಾಲದಲ್ಲಿ ಗೆಲ್ಲು ಬಿದ್ದು ಕರೆಂಟು ಹೋಗಿ, ನಡುವೆ ಅರ್ಧ ಗಂಟೆ ಬಂದು ಮತ್ತೆ ಹೋದರೆ, ತೆಳು ಫೋನು ಆ ಅರ್ಧ ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿಕೊಳ್ಳುತ್ತಿತ್ತು, ಇದು ಕಾಲು ಭಾಗವೂ ಕಷ್ಟ. ಆದರೆ ಕರೆಂಟು ಹೋಗುವ ಹೊತ್ತಿಗೆ ಇದರಲ್ಲಿ ಅರ್ಧದಷ್ಟು ಇದ್ದೇ ಇರುತ್ತದೆ. ಹಾಗಾಗಿ ಗಾಬರಿ ಇಲ್ಲ.

ಅಂಗಿಯ ಕಿಸೆ ಜೋತುಬೀಳುತ್ತದೆ. ತೋಟದಲ್ಲಿ ಅಡಿಕೆ ಹೆಕ್ಕಲು ಬಗ್ಗಿದರೆ ಫೋನು ಜಾರಿ ಹೊರಗೆ ಬರುತ್ತದೆ. ತೆಳುವಿನದ್ದನ್ನು ಮುಂಡಿನ ಸೊಂಟದ ಮಡಿಕೆಗೆ ಸಿಕ್ಕಿಸಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆ ಸುಖ ಈಗ ಇಲ್ಲ. ಮನೆಯಲ್ಲಿ ಮುಂಡು ಉಟ್ಟೇ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಬಿಸಿ: ತೆಳುವಿನದ್ದು ಬಿಸಿಲಲ್ಲಿ ಬೇಗ ಬಿಸಿಯಾಗಿ ಪರದೆ ಮಂಕಾಗುತ್ತಿತ್ತು. ದಪ್ಪದ್ದು ಸ್ವಲ್ಪ ತಡೆಯುತ್ತದೆ.

ಫೋಟೋ ತೆಳುವಿನದ್ದೇ ಚಂದ. ಕರಿಗೋಟಿನ, ಅಂದರೆ ಕೆಳದರ್ಜೆಯ ಅಡಿಕೆಯ, ಬಣ್ಣ ಸರಿಯಾಗಿ ಕಾಣುತ್ತಿತ್ತು.

ಇನ್ನು ಅಕ್ಕನ ಮಗನ ಫೋನು. ಮಂಗಳೂರಿನಲ್ಲಿ ಕಲಿಯುವ ಹುಡುಗ, ರಜೆಗೆ ಬಂದವನು ನನ್ನ ದಪ್ಪ ಫೋನ್ ಕೈಯಲ್ಲಿ ತೂಗಿ ನೋಡಿ, "ಎಂತ ಮಾವ ಇದು, ಇಷ್ಟು ಭಾರ? ನನ್ನದು ಮೂರು ದಿನ ಇಟ್ಟುಕೊಂಡು ನೋಡಿ" ಅಂತ ತನ್ನದನ್ನು ಕೊಟ್ಟ. ಎಂಟು ಮಿಲಿಮೀಟರಿಗಿಂತ ಕಡಿಮೆ ದಪ್ಪ, ಬ್ಯಾಟರಿ 7,000ದ ಮೇಲೆ. ಒಳಗಿರುವುದು ಸಿಲಿಕಾನ್-ಕಾರ್ಬನ್ ಬ್ಯಾಟರಿ. ಸಾಮಾನ್ಯ ಬ್ಯಾಟರಿಯಲ್ಲಿ ಲಿಥಿಯಂ ಹಿಡಿದಿಡುವುದು ಗ್ರಾಫೈಟ್. ಅಷ್ಟೇ ತೂಕದ ಸಿಲಿಕಾನು, ಲೆಕ್ಕದ ಪ್ರಕಾರ, ಅದರ ಹತ್ತು ಪಟ್ಟಿನಷ್ಟು ಲಿಥಿಯಂ ಹಿಡಿಯಬಲ್ಲದು. ತೊಂದರೆ ಏನೆಂದರೆ ಚಾರ್ಜ್ ತುಂಬುವಾಗ ಸಿಲಿಕಾನ್ ವಿಪರೀತ ಉಬ್ಬುತ್ತದೆ, ಮತ್ತೆ ಕುಗ್ಗುತ್ತದೆ. ಹಾಗೆ ಉಬ್ಬಿ ಕುಗ್ಗಿ ಬಿರುಕು ಬಿಡದಂತೆ ಕಾರ್ಬನ್ ಜೊತೆ ಸೇರಿಸಿ ಹದವಾಗಿ ಬಳಸುತ್ತಾರೆ. ಅದರಿಂದಲೇ ಅಷ್ಟು ತೆಳುವಿನಲ್ಲಿ ಅಷ್ಟು ಚಾರ್ಜು.

ಮೂರು ದಿನ ನನ್ನ ಸಿಮ್ ಎರಡನ್ನೂ ಅದಕ್ಕೆ ಹಾಕಿ ವಿಟ್ಲಕ್ಕೆ ಹೋಗಿ ಬಂದೆ. ಮನೆ ಸೇರುವಾಗ ಅರ್ಧ ಉಳಿದಿತ್ತು. ಸೊಂಟಕ್ಕೂ ಸಿಕ್ಕಿಸಬಹುದು. ಮೂರರಲ್ಲಿ ಒಳ್ಳೆಯ ಫೋನು ಯಾವುದು ಅಂತ ಕೇಳಿದರೆ ಅದೇ. ಆದರೆ ಬೆಲೆ 22 ಸಾವಿರದ ಹತ್ತಿರ, ನನ್ನ ಮಿತಿ 15. ಒಮ್ಮೆ 27 ಕೊಟ್ಟು ಕೈಸುಟ್ಟುಕೊಂಡ ಮೇಲೆ ಆ ಮಿತಿ ದಾಟಲು ಮನಸ್ಸು ಬರುವುದಿಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಆಫೀಸಿನಲ್ಲಿ ಕೂರುವವರಿಗೆ, ಮೇಜಿನ ಕೆಳಗೆ ಪ್ಲಗ್ ಇರುವವರಿಗೆ, ತೆಳು ಫೋನೇ ಸಾಕು, ಧಾರಾಳವಾಗಿ ತಗೊಳ್ಳಲಿ. ಗಡಿ ದಾಟುವವರು, ಎರಡು ಸಿಮ್ಮಿನವರು, ಗುಡ್ಡದ ಬುಡದಲ್ಲಿ ಮನೆ ಇರುವವರು ನನ್ನನ್ನು ಕೇಳಿದರೆ 6,000ಕ್ಕಿಂತ ಕಡಿಮೆಯದ್ದನ್ನು ಮುಟ್ಟಬೇಡಿ ಅಂತಲೇ ಹೇಳುತ್ತೇನೆ.

ತೆಳು ಫೋನು ಈಗ ಅಮ್ಮನ ಹತ್ತಿರ ಇದೆ. ಮನೆಯಲ್ಲಿ ವೈಫೈ ಇದೆ, ಅವರ ಮಂಚದ ಪಕ್ಕವೇ ಪ್ಲಗ್ ಇದೆ, ಸಿಮ್ ಹಾಕಿಯೇ ಇಲ್ಲ. ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗುತ್ತದೆ. ಹಗುರ ಇರುವುದರಿಂದ ಕೈ ನೋಯುವುದಿಲ್ಲ ಅನ್ನುತ್ತಾರೆ. ಆ ರಾತ್ರಿ ರೆಕಾರ್ಡ್ ಮಾಡಿದ ಎರಡು ಪದ ಅದರಲ್ಲೇ ಉಳಿದಿವೆ, ಮಧ್ಯಾಹ್ನ ಊಟ ಆದ ಮೇಲೆ ಮಲಗಿಕೊಂಡು ಕೇಳುತ್ತಾರೆ.