‘ಕರಾವಳಿ ಕೈಮಗ್ಗದ ಬೀಚ್ ಟವೆಲ್’ ಅಂತ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಬೀದರ್, ಕಲಬುರಗಿ ಕಡೆಯಿಂದ ರಜೆಗೆ ಮಲ್ಪೆ, ಮುರ್ಡೇಶ್ವರ ಅಂತ ಹೊರಟವರು ದಯವಿಟ್ಟು ಓದಿ. ನನ್ನ 2,998 ರೂಪಾಯಿ ಹೋಯಿತು. ದುಡ್ಡಿಗಿಂತ ಮೋಸ ಹೋದೆನಲ್ಲ ಅನ್ನುವ ಸಂಕಟವೇ ಜಾಸ್ತಿ.

ಮೊಬೈಲ್‌ನಲ್ಲಿ ಜಾಹೀರಾತು ಬಂತು. ಉಡುಪಿ ಸೀರೆಯ ಚೌಕಳಿ, ನಡುವೆ ಮೀನುಗಾರರ ದೋಣಿ, ತುದಿಗೆ ಯಕ್ಷಗಾನದ ಕಿರೀಟ. ‘ಕರಾವಳಿ ಪರಂಪರೆಯ ಬೀಚ್ ಟವೆಲ್, ಕೈಮಗ್ಗ, ಶುದ್ಧ ಹತ್ತಿ’ ಅಂತ ಬರೆದಿತ್ತು. ಒಂದಕ್ಕೆ 1,499. ಉಡುಪಿ ಸೀರೆಗೆ ಜಿಐ ಗುರುತು (ಆ ಊರಿನದೇ ಅಸಲಿ ವಸ್ತು ಅನ್ನುವ ಸರ್ಕಾರಿ ಮಾನ್ಯತೆ) ಇದೆ, ಆದರೂ ನೇಯುವವರು ಕಡಿಮೆಯಾಗಿದ್ದಾರೆ ಅಂತ ಓದಿದ್ದೆ. ನೇಕಾರರ ಕೈಗೆ ನಾಲ್ಕು ಕಾಸು ಸೇರಲಿ ಅಂತಲೇ ಎರಡು ತರಿಸಿದೆ. ಕ್ಯಾಶ್ ಆನ್ ಡೆಲಿವರಿ ಇರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು.

ಪಾರ್ಸೆಲ್ ಬಂದದ್ದು ಹೊರಡುವ ದಿನ ಸಂಜೆ. ಒಳಗಿನ ಕವರ್ ಬಿಚ್ಚದೆ ಬ್ಯಾಗಿಗೆ ಹಾಕಿದೆ.

ಮಲ್ಪೆಯಲ್ಲಿ ಮಗ ನೀರಿನಿಂದ ನಡುಗುತ್ತ ಬಂದ. ಒರೆಸಿದೆ. ನೀರು ಹೀರಲೇ ಇಲ್ಲ, ಬೆನ್ನ ಮೇಲೆ ಅಲ್ಲಿಂದಿಲ್ಲಿಗೆ ಸರಿಯಿತು ಅಷ್ಟೇ. ಮತ್ತೆ ಒರೆಸಿದೆ, ಹಾಗೇ. ತಿರುಗಿಸಿ ನೋಡಿದರೆ ಹಿಂದೆ ಬರೀ ಬಿಳಿ! ಬಣ್ಣದ ನೂಲಿನಲ್ಲಿ ನೇಯ್ದ ಚೌಕಳಿ ಎರಡೂ ಕಡೆ ಕಾಣಬೇಕು, ಅಲ್ವಾ? ದೋಣಿ ಹೊಲಿಗೆಯ ಹತ್ತಿರ ಅರ್ಧಕ್ಕೆ ಕತ್ತರಿಸಿ ಹೋಗಿತ್ತು. ಒಂದು ಕಿರೀಟ ತಲೆಕೆಳಗಾಗಿತ್ತು. ಪಕ್ಕದಲ್ಲಿ ಎಳನೀರು ಮಾರುತ್ತಿದ್ದ ಹೆಂಗಸು ಬಟ್ಟೆ ಮುಟ್ಟಿ ನೋಡಿ, “ಇದು ನಮ್ಮ ಕಡೆಯದ್ದಲ್ಲ” ಅಂದರು. ಅತ್ತೆ ಏನೂ ಮಾತಾಡಲಿಲ್ಲ. ನನಗೆ ಮುಖ ಎತ್ತಲು ಆಗಲಿಲ್ಲ.

ನಮ್ಮೂರು ಬೀದರ್‌ಗೆ ಬಂದ ನೆಂಟರನ್ನು ಚೌಬಾರದ ಕಡೆಯ ಬಿದರಿ ಲೋಹದ ಸಾಮಾನಿನ ಅಂಗಡಿಗಳಿಗೆ ಕರೆದುಕೊಂಡು ಹೋಗಿ, ಇದು ಬೆಳ್ಳಿ ಕೂರಿಸಿದ ಅಸಲಿ ಬಿದರಿ, ಇದು ಸುಮ್ನೆ ಕಪ್ಪು ಬಳಿದದ್ದು ಅಂತ ತೋರಿಸುವವಳು ನಾನು. ನಮ್ಮ ಬಿದರಿ ಹೆಸರಲ್ಲಿ ನಕಲಿ ಮಾರಿದರೆ ಹೊಟ್ಟೆ ಉರಿಯುತ್ತದೆ. ಉಡುಪಿಯವರ ಹೆಸರಲ್ಲಿ ಮಾಡಿದರೂ ಅದೇ ಅನ್ಯಾಯ.

ರೂಮಿಗೆ ಬಂದು ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಹತ್ತಿ ಆಗಿದ್ದರೆ ಕಾಗದದ ಹಾಗೆ ಉರಿದು ಬೂದಿ ಆಗಬೇಕು. ಇದು ಕರಗಿ ಕರೀ ಗುಂಡಾಗಿ ಗಟ್ಟಿಯಾಯಿತು. ಪಾಲಿಯೆಸ್ಟರ್.

ಮಾರಿದವರಿಗೆ ಮೆಸೇಜ್ ಮಾಡಿದೆ. ಮೊದಲ ಉತ್ತರ, “ಮೇಡಂ, ಪಾರ್ಸೆಲ್ ಬಿಚ್ಚುವ ವಿಡಿಯೋ ಇದೆಯಾ?” ಇಲ್ಲ ಅಂದೆ. “ಬಳಸಿದ ಟವೆಲ್ ವಾಪಸ್ ಇಲ್ಲ.” ಒರೆಸದೆ ನೀರು ಹೀರುತ್ತಾ ಇಲ್ವಾ ಅಂತ ಹೇಗೆ ಗೊತ್ತಾಗಬೇಕು? ಕೈಮಗ್ಗ ಅಂದಿದ್ದಿರಲ್ಲ ಅಂತ ಕೇಳಿದೆ. “ನಾವು ಕೈಮಗ್ಗ ಅಂದಿಲ್ಲ ಮೇಡಂ, ಕೈಮಗ್ಗದ ಶೈಲಿ ಅಂದಿದ್ದೇವೆ.” ಪುಟ ತೆರೆದು ನೋಡಿದರೆ ನಿಜಕ್ಕೂ ‘ಶೈಲಿ’ ಅಂತ ಸೇರಿಸಿಬಿಟ್ಟಿದ್ದಾರೆ! ‘ಶುದ್ಧ ಹತ್ತಿ’ ಇದ್ದ ಕಡೆ ‘ಮೃದು ಬಟ್ಟೆ’. ನಾನು ಸ್ಕ್ರೀನ್‌ಶಾಟ್ ತೆಗೆದಿರಲಿಲ್ಲ. ಕೊನೆಗೆ 150 ರೂಪಾಯಿ ಕೂಪನ್ ಕೊಡುತ್ತೇವೆ ಅಂದರು. ಬೇಡ ಅಂದದ್ದಕ್ಕೆ ಬ್ಲಾಕ್ ಮಾಡಿದರು.

ದುಡ್ಡು ಹಾಕುವ ಮುಂಚೆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಬಟ್ಟೆಯ ಹಿಂಬದಿ ಫೋಟೋ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಪುಟದಲ್ಲಿ ದೂರು ಅಧಿಕಾರಿಯ ಹೆಸರು ಇದೆಯಾ ನೋಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಇರಲೇಬೇಕು, ಇವರದ್ದರಲ್ಲಿ ಇರಲಿಲ್ಲ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೇನೆ, ದೂರಿನ ನಂಬರ್ ಸಿಕ್ಕಿದೆ. ಎರಡೂ ಟವೆಲ್ ಹಾಗೇ ಎತ್ತಿಟ್ಟಿದ್ದೇನೆ, ಆ ಸುಟ್ಟ ಎಳೆ ಸಮೇತ.